ಅಕ್ಕನ ಕೆಂಪು ಭರಣಿ

ಗರ್ರ್ ಎಂದು ಲೇತ್ ತಿರುಗುತ್ತಿತ್ತು, ವಿರಾಜಪೇಟೆಯ ನಮ್ಮ ಮನೆಯ ಹಿಂದಿನ ಅಪ್ಪನ ವರ್ಕ್‌ಶಾಪ್‌ನಲ್ಲಿ. ಎಲ್ಲಾದರೂ ಅರಗು ಕರಗಿದ ವಾಸನೆ ಬಂದರೆ ಈಗಲೂ ನನಗೆ ಆ ಮಧ್ಯಾಹ್ನವೇ ನೆನಪಾಗುತ್ತದೆ.

ಅಕ್ಕನ ಮದುವೆಗೆಂದು ಅಪ್ಪ ಮರದ ಕುಂಕುಮ ಭರಣಿ ಕಡೆದಿದ್ದರು. ಅದಕ್ಕೆ ನನ್ನ ಕೈಯಿಂದಲೇ ಬಣ್ಣ ಹಾಕಿಸಬೇಕೆಂದು ಅಕ್ಕನ ಹಠ.

"ಹಾಳಾದ್ರೆ ಇನ್ನೊಂದು ಮಾಡ್ಲಿಕ್ಕೆ ಟೈಮಿಲ್ಲ," ಎಂದರು ಅಪ್ಪ.

"ಅವಳು ಹಾಕದಿದ್ರೆ ನಂಗೆ ಭರಣಿಯೇ ಬೇಡಪ್ಪ," ಎಂದಳು ಅಕ್ಕ.

ಕಾನ್ವೆಂಟ್ ಯೂನಿಫಾರ್ಮ್‌ನಲ್ಲೇ ಕೂತು, ತಿರುಗುವ ಭರಣಿಗೆ ಕೆಂಪು ಅರಗಿನ ಕಡ್ಡಿ ಒತ್ತಿದೆ.

"ಮೆಲ್ಲ, ಮಿಸ್ಸಮ್ಮ! ನೇಲ್ ಪಾಲಿಶ್ ಅಲ್ಲ ಇದು. ತಿರುಗೋ ಬಿಸಿಗೆ ಅದೇ ಕರಗ್ತದೆ," ಎಂದರು ಅಪ್ಪ.

ಅರಗು ಕರಗಿ ಮರಕ್ಕೆ ಹತ್ತಿತು. ಮೇಲೆ ತಾಳೆಗರಿ ಹಿಡಿದು ಉಜ್ಜಿದಾಗ ಆ ಹೊಳಪಿನಲ್ಲಿ ನನ್ನ ಮುಖವೇ ಕಂಡಿತು. ಅಪ್ಪ ಅದನ್ನು ಬೆಳಕಿಗೆ ಹಿಡಿದು ನೋಡಿ, "ನಾಳೆಯಿಂದ ನಂಗೆ ರಜೆ," ಎಂದರು.

ಅಕ್ಕನ ಮದುವೆಯಾಗಿ ಎಷ್ಟೋ ವರ್ಷಗಳ ಮೇಲೆ ಅವಳನ್ನು ಕೊನೆಯ ಸಲ ನೋಡಿದ್ದು ಗೋಣಿಕೊಪ್ಪಲಿನ ಆಸ್ಪತ್ರೆಯಲ್ಲಿ. ದಿಂಬಿನ ಪಕ್ಕದಲ್ಲಿದ್ದ ಭರಣಿಯನ್ನು ಎತ್ತಿ ನರ್ಸ್‌ಗೆ ತೋರಿಸುತ್ತಿದ್ದಳು: "ಫಿನಿಶಿಂಗ್ ನೋಡಿದ್ರಾ ಸಿಸ್ಟರ್? ನನ್ನ ತಂಗಿ ಮಾಡಿದ್ದು."