ಮಾವ ಬರೆದ ಪತ್ರ

"ತಪ್ಪು," ಎಂದಳು ಸೌಜನ್ಯ. "ನನಗೆ ಆಗದೇ ಇರೋದು ಬದನೆಕಾಯಿ ಅಲ್ಲ, ಕಡಲೆಕಾಯಿ. ತಿಂದ್ರೆ ಮೈಯೆಲ್ಲಾ ದದ್ದು ಏಳುತ್ತೆ. ಎಷ್ಟು ಸಲ ಹೇಳಿದೀನಿ?"

"ಇನ್ನೊಂದು ಕೇಳು," ಎಂದ ಅಂಬರೀಶ್.

"ನಾನು ಮಲಗೋದು ಮಂಚದ ಯಾವ ಕಡೆ?"

"ಗೋಡೆ ಕಡೆ."

"ಅದು ಇಲ್ಲಿ. ಕೆನಡಾದಲ್ಲಿ?"

"ಅಲ್ಲಿ ನೀನೊಬ್ಳೇ ಇರೋದು. ನನಗೆ ಹೇಗೆ ಗೊತ್ತಾಗ್ಬೇಕು!" ಅಂಬರೀಶ್ ಪ್ರಶ್ನೆಗಳ ಪುಸ್ತಕವನ್ನು ಕಿತ್ತುಕೊಂಡು ಮೂಲೆಗೆಸೆದ.

ಮದುವೆಯಾಗಿ ಮೂರು ವರ್ಷವಾಗಿತ್ತು. ಜೊತೆಗಿದ್ದದ್ದು ಐವತ್ತೆರಡು ದಿನ. ಸೌಜನ್ಯ ಕೆನಡಾದ ಆಸ್ಪತ್ರೆಯೊಂದರಲ್ಲಿ ನರ್ಸ್. ಅಂಬರೀಶ್ ಕುಡುಮಲಕುಂಟೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಗಂಡನನ್ನು ಕರೆಸಿಕೊಳ್ಳಲು ಅವಳು ಹಾಕಿದ ಮೊದಲ ಅರ್ಜಿ ತಿರಸ್ಕೃತವಾಗಿತ್ತು. ಕೊಟ್ಟ ಕಾರಣ ಎರಡೇ ಸಾಲಿನದು. ಮದುವೆಯ ಫೋಟೋಗಳಲ್ಲಿ ಹುಡುಗಿಯ ಕಡೆಯವರು ಒಬ್ಬರೂ ಇಲ್ಲ. ಇದು ವೀಸಾಕ್ಕಾಗಿ ಮಾಡಿಕೊಂಡ ಮದುವೆ ಎಂಬ ಸಂಶಯವಿದೆ.

ಅವರು ಯಾಕಿರಲಿಲ್ಲ ಎಂಬುದು ಗೌರಿಬಿದನೂರಿನಲ್ಲಿ ಯಾರನ್ನು ಕೇಳಿದರೂ ಹೇಳುತ್ತಿದ್ದರು. ಸೌಜನ್ಯ ವಿದುರಾಶ್ವತ್ಥದ ಕಡೆಯ ಒಕ್ಕಲಿಗರ ಮಗಳು. ಅಂಬರೀಶ್ ದಲಿತರ ಹುಡುಗ. ರಿಜಿಸ್ಟರ್ ಮದುವೆಯ ದಿನದಿಂದ ಅವಳ ಅಪ್ಪ ನರಸಿಂಹಪ್ಪ ಮಗಳ ಜೊತೆ ಮಾತು ಬಿಟ್ಟಿದ್ದರು. ಅಮ್ಮ ಅಮ್ಮಾಜಮ್ಮ ಮಾತ್ರ ಹೊಲಕ್ಕೆ ಹೋದಾಗ ಕದ್ದು ಫೋನ್ ಮಾಡುತ್ತಿದ್ದರು.

ಎರಡನೇ ಅರ್ಜಿಗೆ ಇಬ್ಬರನ್ನೂ ಸಂದರ್ಶನಕ್ಕೆ ಕರೆದಿದ್ದರು. ಶುಕ್ರವಾರ, ದೆಹಲಿಯಲ್ಲಿ. ಸೌಜನ್ಯ ರಜೆ ಹಾಕಿ ಬಂದಿದ್ದಳು. ಈ ಸಲವೂ ಇಲ್ಲ ಎಂದರೆ ಮುಂದೇನು ಎಂಬುದನ್ನು ಇಬ್ಬರೂ ಬಾಯಿಬಿಟ್ಟು ಆಡಿರಲಿಲ್ಲ.

ಅವಳು ಎದ್ದು ಹೋಗಿ ಪುಸ್ತಕ ಎತ್ತಿಕೊಳ್ಳುವಷ್ಟರಲ್ಲಿ ಅಂಬರೀಶನ ಫೋನ್ ಹೊಡೆದುಕೊಂಡಿತು. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯ ಮುನೇಶ್.

"ಅಣ್ಣ, ಒಂದು ವಿಷ್ಯ. ನಿಮ್ಮ ಮಾವ ಹೋದ ವಾರ ಅಂಗಡಿಗೆ ಬಂದಿದ್ರಂತೆ. ನಾನಿರ್ಲಿಲ್ಲ, ನನ್ನ ಹೆಂಡ್ತಿ ಇದ್ಲು. ಕೈಲಿ ಬರ್ದಿರೋ ಒಂದು ಹಾಳೆ ಕೊಟ್ಟು, ವೀಸಾ ಆಫೀಸಿಗೆ ಮೇಲ್ ಮಾಡಮ್ಮ ಅಂದ್ರಂತೆ. ನಿಮ್ಮಿಬ್ಬರ ಹೆಸ್ರು, ಫೈಲ್ ನಂಬರ್ ಎಲ್ಲಾ ಇತ್ತಂತೆ. ಇವಳು ಕಳಿಸ್ಬಿಟ್ಟಿದಾಳೆ."

"ಏನಂತ ಬರ್ದಿದ್ರು?"

"ಅವಳು ಓದಿದ್ದು ಒಂದೇ ಸಾಲಂತೆ, ಅಣ್ಣ. 'ಈ ಮದುವೆಗೆ ನನ್ನ ಒಪ್ಪಿಗೆ ಇಲ್ಲ.'"

ಅಂಬರೀಶ್ ಫೋನ್ ಇಟ್ಟು ಹೆಂಡತಿಗೆ ಎಲ್ಲ ಹೇಳಿದ. "ಫೈಲ್ ನಂಬರ್ ಅವರಿಗೆ ಹೇಗೆ ಸಿಕ್ತು?"

"ಅಮ್ಮ ಕೇಳಿದ್ಲು," ಎಂದಳು ಸೌಜನ್ಯ. ಧ್ವನಿ ಇಳಿದುಹೋಗಿತ್ತು. "ದೇವ್ರ ಮುಂದೆ ಇಡ್ತೀನಿ ಕೊಡು ಅಂದ್ಲು. ಕೊಟ್ಟೆ."

ಅರ್ಧ ಗಂಟೆಯಲ್ಲಿ ಇಬ್ಬರೂ ಅವಳ ಊರಿನಲ್ಲಿದ್ದರು. ಅಂಬರೀಶ್ ಬೈಕಿನ ಹತ್ತಿರವೇ ನಿಂತ. ಆ ಗೇಟಿನೊಳಗೆ ಅವನು ಒಮ್ಮೆಯೂ ಕಾಲಿಟ್ಟಿರಲಿಲ್ಲ. ಸೌಜನ್ಯ ಒಳಗೆ ನುಗ್ಗಿದಳು.

ನರಸಿಂಹಪ್ಪ ಅಂಗಳದಲ್ಲಿ ಕೂತು ಜೋಳದ ತೆನೆ ಬಿಡಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಅಪ್ಪ, ಪತ್ರ ಬರ್ದಿದೀಯಾ?"

ಅವರು ಬಾಗಿಲಲ್ಲಿ ನಿಂತ ಹೆಂಡತಿಯ ಕಡೆ ತಿರುಗಿದರು. "ಅಮ್ಮಾಜಿ, ಬಂದೋರಿಗೆ ಹೇಳು. ಇರೋದನ್ನೇ ಬರ್ದಿದೀನಿ."

"ವಾಪಸ್ ತಗೊಂಡೆ ಅಂತ ಇನ್ನೊಂದು ಬರ್ದು ಕಳಿಸಪ್ಪ. ಕಾಲಿಗೆ ಬೀಳ್ತೀನಿ."

"ಒಂದಕ್ಷರಾನೂ ವಾಪಸ್ ತಗೊಳಲ್ಲ ಅಂತ ಹೇಳು."

"ಅಷ್ಟು ದೂರದಲ್ಲಿದ್ರೂ ನನ್ನ ನೆಮ್ಮದಿಯಾಗಿ ಇರೋಕೆ ಬಿಡಲ್ವಲ್ಲ ನೀನು!"

ಅಮ್ಮಾಜಮ್ಮ ಏನೋ ಹೇಳಲು ಬಾಯಿ ತೆರೆದರು. ಗಂಡ ಕಣ್ಣೆತ್ತಿ ನೋಡಿದೊಡನೆ ಮುಚ್ಚಿಕೊಂಡರು.

"ಹೋಗೋವಾಗ ಗೇಟ್ ಹಾಕ್ಕೊಂಡು ಹೋಗೋಕೆ ಹೇಳು," ಎಂದರು ನರಸಿಂಹಪ್ಪ. "ದನ ನುಗ್ತವೆ."

ದಾರಿಯುದ್ದಕ್ಕೂ ಸೌಜನ್ಯ ಗಂಡನ ಬೆನ್ನಿಗೆ ಹಣೆಯೊತ್ತಿ ಕೂತಿದ್ದಳು. ಮನೆ ತಲುಪಿದ ಮೇಲೆ ಅಂಬರೀಶ್ ಹೇಳಿದ: "ದೆಹಲಿಗೆ ಹೋಗೋದೇ ಬೇಡ ಕಣೇ. ಹೆತ್ತ ಅಪ್ಪನೇ ಹೀಗೆ ಬರೆದ ಮೇಲೆ ನನ್ನ ಮಾತು ಯಾರು ನಂಬ್ತಾರೆ?"

ಅವಳು ಮುಖ ತೊಳೆದು ಬಂದು ಪುಸ್ತಕ ತೆರೆದಳು. "ನನ್ನ ಡ್ಯೂಟಿ ಶುರುವಾಗೋದು ಎಷ್ಟು ಗಂಟೆಗೆ?"

ಶುಕ್ರವಾರ ದೆಹಲಿಯಲ್ಲಿ ವೀಸಾ ಅಧಿಕಾರಿಣಿಯ ಪಕ್ಕದಲ್ಲಿ ನರೆತ ಕೂದಲಿನ ಕನ್ನಡದ ದುಭಾಷಿಯೊಬ್ಬರು ಕೂತಿದ್ದರು. ಮೊದಲ ಪ್ರಶ್ನೆಗೇ ಅಂಬರೀಶ್ ಹೆಂಡತಿ ಕೆನಡಾಕ್ಕೆ ಹೋದ ವರ್ಷ ತಪ್ಪು ಹೇಳಿದ. ಎರಡನೆಯದಕ್ಕೆ ಅವಳ ಮನೆಯ ವಿಳಾಸದಲ್ಲಿ ತಡವರಿಸಿದ. ಸೌಜನ್ಯ ಕಣ್ಣು ಮುಚ್ಚಿಕೊಂಡಳು. ಮೂರನೆಯ ಪ್ರಶ್ನೆ ಬರಲಿಲ್ಲ. ಅಧಿಕಾರಿಣಿ ಫೈಲಿನಿಂದ ಒಂದು ಹಾಳೆ ತೆಗೆದರು.

"ಹುಡುಗಿಯ ತಂದೆಯ ಪತ್ರ ಬಂದಿದೆ," ಎಂದು ದುಭಾಷಿ ಅವರ ಮಾತನ್ನು ಕನ್ನಡಕ್ಕೆ ತಿರುಗಿಸಿದರು. "ಇದನ್ನು ನೋಡಿದ ಮೇಲೆ ಹೆಚ್ಚು ಕೇಳುವುದು ಉಳಿದಿಲ್ಲ ಅಂತಿದ್ದಾರೆ."

"ಅವರು ಕೋಪದಲ್ಲಿ ಬರ್ದಿದಾರೆ ಮೇಡಂ," ಎಂದ ಅಂಬರೀಶ್.

"ಹೌದು, ಕೋಪದಲ್ಲೇ ಬರೆದಿದ್ದಾರೆ," ಎಂದು ಅಧಿಕಾರಿಣಿಯ ಉತ್ತರ ದುಭಾಷಿಯ ಬಾಯಲ್ಲಿ ಬಂತು. "ನೀವೂ ಒಮ್ಮೆ ಕೇಳಿಸಿಕೊಳ್ಳಿ."

ದುಭಾಷಿ ಕನ್ನಡಕ ಸರಿಪಡಿಸಿಕೊಂಡು ಓದತೊಡಗಿದರು. "'ಈ ಮದುವೆಗೆ ನನ್ನ ಒಪ್ಪಿಗೆ ಇಲ್ಲ. ಇವತ್ತಿಗೂ ಇಲ್ಲ. ಅವನನ್ನು ಬಿಟ್ಟು ಬಾ ಎಂದು ಮಗಳಿಗೆ ಹೇಳಿ ಕಳಿಸಿದೆ, ಬರಲಿಲ್ಲ. ಬೇರೆ ಗಂಡು ಗೊತ್ತು ಮಾಡಿದೆ, ಫೋಟೋ ಕೂಡ ನೋಡಲಿಲ್ಲ. ಅವಳನ್ನು ಬಿಡು ಎಂದು ಹುಡುಗನ ಹತ್ತಿರ ನಾಲ್ಕು ಜನರನ್ನು ಕಳಿಸಿದೆ, ಅವನೂ ಜಗ್ಗಲಿಲ್ಲ. ಮದುವೆಯ ಫೋಟೋದಲ್ಲಿ ನಾವು ಇಲ್ಲದಿರುವುದು ಅವರ ತಪ್ಪಲ್ಲ. ಕರೆದಿದ್ದರು, ನಾನೇ ಹೋಗಲಿಲ್ಲ.'"

ಅವರು ಕೊನೆಯ ಸಾಲನ್ನು ನಿಧಾನವಾಗಿ ಓದಿದರು.

"'ಇದು ಸುಳ್ಳು ಮದುವೆಯಾಗಿದ್ದರೆ, ಇರುವ ಒಬ್ಬಳೇ ಮಗಳ ಜೊತೆ ನಾನು ಮೂರು ವರ್ಷ ಮಾತು ಬಿಡುತ್ತಿದ್ದೆನಾ ಸ್ವಾಮಿ?'"