ಪಾಚಿಯಿಲ್ಲದ ಜಾಗ

ಬ್ಲೇಡು ಹಿಡಿದ ಅಪ್ಪನ ಕೈ ನೀರಿನೊಳಗೆ ನಿಂತುಬಿಟ್ಟಿತು. ಅಕ್ವೇರಿಯಂನ ಹಿಂಬದಿಯ ಗಾಜಿನಲ್ಲಿ, ದಟ್ಟ ಹಸಿರು ಪಾಚಿಯ ನಡುವೆ, ಹೆಬ್ಬೆರಳಗಲದ ಒಂದು ಪಟ್ಟಿ ಮಾತ್ರ ತಿಳಿಯಾಗಿತ್ತು. ಇಷ್ಟು ಹೊತ್ತು ಕೆರೆದರೂ ಅಪ್ಪನಿಗೆ ಗಾಜನ್ನು ಅಷ್ಟು ಶುಭ್ರ ಮಾಡಲಾಗಿರಲಿಲ್ಲ.

“ಏನಮ್ಮಾ, ಇಷ್ಟೇ ಇಷ್ಟು ಉಜ್ಜಿ ಸುಸ್ತಾಗಿಬಿಟ್ಯಾ?” ಎಂದು ಮಗಳನ್ನು ಕೇಳಿದ.

“ನಾನು ಅದನ್ನ ಮುಟ್ಟಿ ಹದಿನೈದು ದಿನ ಆಯ್ತು. ಬೇಗ ಮುಗಿಸಪ್ಪಾ, ನಾಲ್ಕು ಗಂಟೆಗೆ ಅಂಗಡಿಯವರು ಬರ್ತಾರೆ,” ಎಂದಳು ಮಗಳು, ಮೊಬೈಲಿನಿಂದ ತಲೆಯೆತ್ತದೆ. ಎರಡು ಸಲ ಮೀನಿನ ಮೊಟ್ಟೆಗಳೆಲ್ಲ ಬೆಳ್ಳಗಾಗಿ ಸತ್ತ ಮೇಲೆ, ತನ್ನ ಕೈಯಲ್ಲಿ ಏನೂ ಬದುಕುವುದಿಲ್ಲವೆಂದು ಅವಳು ತೀರ್ಮಾನಿಸಿದ್ದಳು. ಮೀನುಗಳನ್ನು ಅಕ್ವೇರಿಯಂ ಸಮೇತ ಅಂಗಡಿಗೆ ವಾಪಸು ಕೊಡುವುದಿತ್ತು.

ಜೋಡಿ ಮೀನುಗಳು ಅಪ್ಪನ ಬೆರಳನ್ನು ಮತ್ತೆ ಮತ್ತೆ ಗುದ್ದುತ್ತಿದ್ದವು. ಅವನು ಕೈ ತೆಗೆದು, ಗಡಿಯಾರ ರಿಪೇರಿಗೆ ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿ ಹಾಕಿಕೊಂಡು ಹಿಂದಿನಿಂದ ಬಗ್ಗಿದ. ತಿಳಿಯಾದ ಪಟ್ಟಿಯ ಮೇಲೆ ಸಾಸಿವೆಗಿಂತ ಚಿಕ್ಕ ಮೊಟ್ಟೆಗಳು ಸಾಲಾಗಿ ಅಂಟಿದ್ದವು. ಮೀನುಗಳೇ ಬಾಯಲ್ಲಿ ಪಾಚಿ ಕಿತ್ತು ಜಾಗ ಮಾಡಿಕೊಂಡಿದ್ದವು. ಒಂದೂ ಬೆಳ್ಳಗಾಗಿರಲಿಲ್ಲ. ಒಂದೊಂದರೊಳಗೂ ಕೂದಲೆಳೆಯಂಥ ಜೀವ ಸುತ್ತಿಕೊಂಡಿತ್ತು. ಅದರೊಳಗೆ ಚುಕ್ಕಿಗಿಂತ ಸಣ್ಣದೇನೋ ಮಿಡಿಯುತ್ತಿತ್ತು. ಮೂವತ್ತು ವರ್ಷ ಗಡಿಯಾರದ ಗಾಲಿಗಳನ್ನು ನೋಡಿದ್ದವನಿಗೆ, ಯಾರೂ ಕೀ ಕೊಡದೆ ಇಷ್ಟು ಸಣ್ಣದೊಂದು ನಡೆಯುತ್ತದೆಂದು ಗೊತ್ತಿರಲಿಲ್ಲ.

ಭೂತಗನ್ನಡಿಯನ್ನು ತೆಗೆದು ಮಗಳಿಗೆ ಕೊಟ್ಟ. ಅವಳು ಬಗ್ಗಿ ನೋಡಿದಳು. ನೋಡುತ್ತಲೇ ಇದ್ದಳು. ಕಾಲಿಂಗ್ ಬೆಲ್ ಆದಾಗಲೂ ತಲೆಯೆತ್ತಲಿಲ್ಲ.

“ಅಪ್ಪಾ,” ಎಂದು ಪಿಸುಗುಟ್ಟಿದಳು, “ಅಂಗಡಿಯವರನ್ನ ಬಾಗಿಲಿಂದಲೇ ವಾಪಸು ಕಳಿಸಿಬಿಡು. ಮೆಲ್ಲಗೆ ಮಾತಾಡು.”