ಬೇರಿನಲ್ಲಿ ಬಿಡಾರ

ಅಲಸಂಡೆ ಸಸಿಗಳು ಈ ಸಲವೂ ಎರಡೆಲೆ ಬಿಟ್ಟು ಹಳದಿಯಾದಾಗ, ತಾರಾನಾಥರು ಅವನ್ನು ಕಿತ್ತೆಸೆದು, ಕುಂಡದ ಮಣ್ಣಿಗೆ ಸುರಿಯಲು ಮತ್ತೆ ಕುದಿನೀರಿನ ಪಾತ್ರೆ ಎತ್ತಿಕೊಂಡರು. ಕಲ್ಯಾಣದಲ್ಲಿ ಹೋಟೆಲು ನಡೆಸಿ ಈಚೆಗೆ ಅದನ್ನು ಮಗನಿಗೆ ಬಿಟ್ಟುಕೊಟ್ಟವರು. ತಾವಿರುವ ಕಟ್ಟಡದ ಸೊಸೈಟಿಯವರನ್ನು ಕೇಳಿ ಟೆರೇಸಿನ ಒಂದು ಮೂಲೆ ಪಡೆದು, ಪಕ್ಕದ ಶಹಾಡಿನಲ್ಲಿ ಹೊಸ ಕಟ್ಟಡದ ಪಾಯ ತೋಡುತ್ತಿದ್ದಲ್ಲಿಂದ ರಿಕ್ಷಾದಲ್ಲಿ ಮಣ್ಣು ತರಿಸಿದ್ದರು. ಮಣ್ಣಿನಲ್ಲಿ ಕ್ರಿಮಿ ಇದ್ದರೆ ಸಸಿ ಏಳುವುದಿಲ್ಲ ಎಂಬುದು ಅವರ ಗಟ್ಟಿ ನಂಬಿಕೆ. ಇನ್ನೊಮ್ಮೆ ಕೆಟ್ಟರೆ ಆ ಮೂಲೆಯನ್ನೇ ಬಿಟ್ಟುಬಿಡುವುದಾಗಿ ಹೆಂಡತಿ ವೇದಾವತಿಗೆ ಹೇಳಿದ್ದರು. ಆಮೇಲೆ ದಿನ ಕಳೆಯುವುದು ಹೇಗೆಂದು ಮಾತ್ರ ಹೇಳಿರಲಿಲ್ಲ.

ಅಡಿಗೆಮನೆಯ ಬಾಗಿಲಲ್ಲೇ ಅವರನ್ನು ತಡೆದವಳು ಮೊಮ್ಮಗಳು ತನ್ವಿ. ಕಾಲೇಜಿನಲ್ಲಿ ಸೂಕ್ಷ್ಮಜೀವಿಗಳ ಬಗ್ಗೆ ಓದುತ್ತಿದ್ದಾಳೆ. ಕನ್ನಡ ಅರ್ಥವಾಗುತ್ತದೆ, ಬಾಯಿಗೆ ಬರುವುದು ಹಿಂದಿ. ಆಳದಿಂದ ತೋಡಿದ ಮಣ್ಣಿನಲ್ಲಿ ಜೀವ ಇರುವುದೇ ಕಡಿಮೆ, ಇದ್ದದ್ದನ್ನೂ ಅಜ್ಜನೇ ಬೇಯಿಸಿ ಕೊಂದಿದ್ದಾರೆ ಎಂದಳು. ಚೀಲದಿಂದ ಕಪ್ಪು ಪುಡಿಯ ಪೊಟ್ಟಣ ತೆಗೆದಳು. ಅದರ ತುಂಬ ಗಿಡಕ್ಕೆ ನೆರವಾಗುವ ಬ್ಯಾಕ್ಟೀರಿಯಾ ಇವೆಯಂತೆ. ಬೀಜಕ್ಕೆ ಸವರಿ ಬಿತ್ತಬೇಕಂತೆ.

"ಇಂಥದ್ದನ್ನೆಲ್ಲ ನಾನು ಹೋಟೆಲಿನ ಹೊಸ್ತಿಲು ದಾಟ್ಲಿಕ್ಕೆ ಬಿಟ್ಟವನಲ್ಲ," ಎಂದರು ತಾರಾನಾಥರು.

ಕಾಯಿ ತುರಿಯುತ್ತಿದ್ದ ವೇದಾವತಿ ತಲೆಯೆತ್ತಲಿಲ್ಲ. "ಮತ್ತೆ ಇಷ್ಟು ವರ್ಷ ದೋಸೆ ಹಿಟ್ಟು ಉಬ್ಬಿಸಿದ್ದು ಯಾರು? ನೀವಾ?"

ತಾರಾನಾಥರು ಕುದಿನೀರಿನ ಪಾತ್ರೆಯನ್ನು ಕೆಳಗಿಟ್ಟರು. ಪುಡಿ ಬೀಜಕ್ಕೆ ಅಂಟಲು ಬೆಲ್ಲದ ನೀರು ಬೇಕೆಂದು ಮೊಮ್ಮಗಳು ಹೇಳಿದಾಗ ಮಾತ್ರ ಮುಖ ತುಸು ಅರಳಿತು. ಬೆಲ್ಲದ ಹದವನ್ನು ಅವರಿಗೆ ಯಾರೂ ಕಲಿಸಬೇಕಾಗಿರಲಿಲ್ಲ. ತಾವೇ ಒಲೆಯ ಮುಂದೆ ನಿಂತು ಕುದಿಸಿ, ಕೆಳಗಿಳಿಸಿ, ಪುಡಿ ಸುರಿಯಲು ಹೋದರು. ತನ್ವಿ ಕೈ ಹಿಡಿದಳು.

"ಥಂಡಾ ಹೋನೇ ದೋ, ಅಜ್ಜಾ. ಮರ್ ಜಾಯೇಂಗೆ ಬೇಚಾರೇ."

ಬಿಸಿಗೆ ಆ ಬಡಪಾಯಿ ಜೀವಿಗಳು ಸತ್ತಾವೆಂದು, ತಣಿಯುವವರೆಗೆ ಅವರು ಬೆರಳು ಅದ್ದಿ ಅದ್ದಿ ನೋಡುತ್ತ ಪಾತ್ರೆಯ ಬಳಿಯೇ ಕುಳಿತರು. ಆಮೇಲೆ ಅಜ್ಜ ಮೊಮ್ಮಗಳು ಸೇರಿ ಬೀಜಕ್ಕೆ ಸವರಿ, ನೆರಳಿನಲ್ಲಿ ಒಣಗಿಸಿ, ಅಂದೇ ಸಂಜೆ ಬಿತ್ತಿದರು.

ಮಳೆ ಹಿಡಿಯುವ ಹೊತ್ತಿಗೆ ಬಳ್ಳಿಗಳು ಕಡುಹಸಿರಾಗಿ ಟೆರೇಸಿನ ಕಂಬಿಗೆ ಸುತ್ತಿಕೊಂಡವು. ಒಂದು ಭಾನುವಾರ ತನ್ವಿ ಸಣ್ಣದೊಂದು ಗಿಡವನ್ನು ಬೇರುಸಹಿತ ಮೆಲ್ಲಗೆ ಎಬ್ಬಿಸಿದಾಗ ತಾರಾನಾಥರು ತಡೆಯಲು ಕೈ ಚಾಚಿದರು. ಬೇರಿನ ತುಂಬ ಸಾಸಿವೆ ಕಾಳಿನಂಥ ಗಂಟುಗಳು. ಒಂದನ್ನು ಅವಳು ಉಗುರಿನಿಂದ ಸೀಳಿದಳು, ಒಳಗೆ ನಸುಗೆಂಪು. ಆ ಜೀವಿಗಳು ಇಲ್ಲಿ ಬಿಡಾರ ಹೂಡಿ, ಗಾಳಿಯ ಸಾರಜನಕವನ್ನು ಹಿಡಿದು ಗಿಡಕ್ಕೆ ಉಣಿಸುತ್ತವೆ, ಗಿಡ ಅವಕ್ಕೆ ಸಕ್ಕರೆ ಕೊಡುತ್ತದೆ ಎಂದು ಅರ್ಧ ಹಿಂದಿ, ಅರ್ಧ ಕನ್ನಡದಲ್ಲಿ ವಿವರಿಸಿದಳು.

ತಾರಾನಾಥರು ಬೇರನ್ನು ಬೆಳಕಿಗೆ ಹಿಡಿದು ನೋಡಿದರು. "ಅಂದ್ರೆ ಊಟ, ವಸತಿ ಕೊಟ್ಟು ಇಟ್ಟುಕೊಂಡ ಅಡಿಗೆಯವರು."

ಗಿಡವನ್ನು ಅವರೇ ಮತ್ತೆ ನೆಟ್ಟು, ಬುಡದ ಮಣ್ಣನ್ನು ಬರಿಗೈಯಲ್ಲಿ ಒತ್ತಿದರು. ಕೆಳಗಿನಿಂದ ವೇದಾವತಿ ಊಟಕ್ಕೆ ಕರೆದರು. ಕೈ ತೊಳೆಯಲು ನಲ್ಲಿಯ ಕಡೆ ಹೊರಟವರು ನಡುವೆಯೇ ನಿಂತು, ತಿರುಗಿ ಬಂದು ಮಣ್ಣು ಮೆತ್ತಿದ ಎರಡೂ ಅಂಗೈಗಳನ್ನು ಕುಂಡದ ಮೇಲೆ ಹಿಡಿದರು.

"ನೀರು ಇಲ್ಲೇ ಹೊಯ್ಯಿ ಮಗಾ," ಎಂದರು. "ಮೋರಿಗೆ ಹೋಗುವುದು ಬೇಡ ಅವು."